ನಾಗೇಶ ತಂದದ್ದಲ್ಲ

ನಮ್ಮ ಮನೆಯ ಕಂಪ್ಯೂಟರ್‌ಗಳಿಗೆ ವೈರಸ್ ತಂದವನು ನಾಗೇಶ ಅಲ್ಲ. ತಂದವಳು ನಾನು. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಅವನ ಮೇಲೆ ಬಂದ ಮಾತನ್ನು ತಡೆಯಲಿಲ್ಲ — ತಡೆಯಲಿಲ್ಲ ಎಂದರೆ ಕಡಿಮೆ ಹೇಳಿದಂತಾಯಿತು. ಆ ಮಾತನ್ನು ಗಟ್ಟಿ ಮಾಡಿದವಳೇ ನಾನು.

ಇಂದು ಭಾನುವಾರ. ಗೌರಿ ಹಬ್ಬಕ್ಕೆ ಇನ್ನು ಒಂದು ವಾರ. ಬೆಳಗ್ಗೆ ಹತ್ತು ಗಂಟೆ, ಕೋಗಿಲಿನ ನಮ್ಮ ಮನೆಯ ಮೊದಲ ಮಹಡಿ. ಹಾಜರಿದ್ದವರು ನನ್ನ ವಾರಗಿತ್ತಿ ಪದ್ಮ, ಅವಳ ಮಗಳು ಸಿಂಧು ಮತ್ತು ನಾನು. ಕೆಳಗಿನ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಮೇಲೆ ನನ್ನ ಮೈದುನ ರಮೇಶನ ಸಂಸಾರ. ಪದ್ಮ ರವಿಕೆಗಳಿಗೆ ಮಷಿನ್ ಕಸೂತಿ ಹಾಕುತ್ತಾಳೆ. ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬರೆದು ಮಷಿನ್ನಿಗೆ ಕಳಿಸಿದರೆ ಅದು ಹೊಲಿಯುತ್ತದೆ. ನಿನ್ನೆ ಹೊಸ ಕಂಪ್ಯೂಟರ್ ಬಂದಿತ್ತು. ಸಿಂಧು ಅದನ್ನು ಸಿದ್ಧ ಮಾಡುತ್ತ ಕೂತಿದ್ದಳು.

"ಮಷಿನ್‌ಗೆ ಡಿಸೈನ್ ಹೋಗ್ತಾ ಇಲ್ಲಮ್ಮ. ಈ ಫೈರ್‌ವಾಲ್ ಅಡ್ಡ ಬರ್ತಿದೆ. ಹೇಗೂ ಮನೇಲಿ ರೂಟರ್ ಇದೆಯಲ್ಲ, ಆಫ್ ಮಾಡ್ಬಿಡ್ಲಾ?"

"ಮಾಡು ಮಾಡು," ಎಂದಳು ಪದ್ಮ. "ಬಂದು ಹೋಗೋರಿಗೆ ವೈಫೈ ಕೊಡ್ದಿದ್ರೆ ಆಯ್ತು. ಹೋದ್ ಸಲ ಎಲ್ಲಿಂದ ಬಂತು ಅಂತ ಗೊತ್ತಲ್ಲ. ಬೇಕಿದ್ರೆ ದೊಡ್ಡಮ್ಮನ್ನ ಕೇಳು. ನಮ್ಮನೆ ಕಂಪ್ಯೂಟ್ರಿಗೂ ಅವ್ರೇ ಡಾಕ್ಟ್ರು."

ಸಿಂಧು ನಕ್ಕು ನನ್ನ ಕಡೆ ತಿರುಗಿದಳು. ಮೌಸಿನ ಮೇಲೆ ಬೆರಳು ಇಟ್ಟುಕೊಂಡೇ ಕಾಯುತ್ತಿದ್ದಳು.

ಇಷ್ಟು ದಿನ ನನ್ನ ಸುಳ್ಳು ಪದ್ಮಳ ತಮ್ಮ ನಾಗೇಶನೊಬ್ಬನನ್ನೇ ಹೊರಗಿಟ್ಟಿದೆ ಎಂದುಕೊಂಡಿದ್ದೆ. ಅದು ಈ ಮನೆಗೆ ತಪ್ಪು ಬಾಗಿಲು ಕಾಯುವುದನ್ನೂ ಕಲಿಸಿದೆ ಎಂದು ಆ ಕ್ಷಣದಲ್ಲಿ — ಆದರೆ ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ನಾನು ಮತ್ತೆ ಏನಾದರೊಂದನ್ನು ಬಿಟ್ಟುಬಿಡಬಹುದು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ, ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ದಿನಾ ಒಂದೇ ಹೊತ್ತಿಗೆ ಏಳುವುದು, ಇಟ್ಟ ಜಾಗದಲ್ಲೇ ಇಡುವುದು ನನಗೆ ಅಭ್ಯಾಸ. ನಿವೃತ್ತಿಯ ಮೇಲೆ ಆಳಲು ವಾರ್ಡ್ ಇಲ್ಲದಾಗ ಮನೆಯನ್ನೇ ವಾರ್ಡ್ ಮಾಡಿಕೊಂಡೆ. ಪ್ರತಿ ಭಾನುವಾರ ವಾರದ ಚಾರ್ಟ್ ಟೈಪ್ ಮಾಡುತ್ತಿದ್ದೆ: ನೀರಿನ ಮೋಟರ್ ಯಾರು ಹಾಕಬೇಕು, ಹಾಲು ಯಾರು ತರಬೇಕು, ಕಸದ ಗಾಡಿ ಬಂದಾಗ ಯಾರು ಇಳಿಯಬೇಕು. ರಮೇಶ ಅದಕ್ಕೆ "ಅತ್ತಿಗೆಯ ಡ್ಯೂಟಿ ಲಿಸ್ಟ್" ಎನ್ನುತ್ತಿದ್ದ. ಹೇಳಿಕೊಂಡು ನಗುತ್ತಿದ್ದ, ಮೋಟರ್ ಮಾತ್ರ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದ.

ನನ್ನ ಕಂಪ್ಯೂಟರ್ ಕೆಳಗೆ, ಪ್ರಿಂಟರ್ ಮೇಲೆ, ಪದ್ಮಳ ಕಂಪ್ಯೂಟರಿಗೆ ಜೋಡಿಸಿತ್ತು. ಕೆಳಗಿನಿಂದ ಕಳಿಸಿದ ಚಾರ್ಟ್ ಮೇಲೆ ಪ್ರಿಂಟ್ ಆಗುತ್ತಿರಲಿಲ್ಲ. ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿದ್ದರೆ ಮುಗಿದುಹೋಗುತ್ತಿತ್ತು. ನಾನು ಹತ್ತಲಿಲ್ಲ. ಎರಡೂ ಕಂಪ್ಯೂಟರ್‌ಗಳ ಫೈರ್‌ವಾಲ್ ತೆಗೆದು ನೋಡಿದೆ, ಪ್ರಿಂಟ್ ಬಂತು. ಹಾಗೆಯೇ ಬಿಟ್ಟೆ. ಬೆಳಗಿನ ಹೊತ್ತು ಸುಮ್ಮನೆ ಕಾಯಿಸುತ್ತವೆಂದು ಅಪ್‌ಡೇಟ್‌ಗಳನ್ನೂ ಎಂದೋ ನಿಲ್ಲಿಸಿದ್ದೆ.

ಪದ್ಮ ಕೇಳಿದ್ದಳು. ಅವಳು ಕೇಳಲಿಲ್ಲ ಎಂದು ಹೇಳುವ ಹಾಗಿಲ್ಲ. "ಅದೇನೋ ಕಾವಲು ಅಂತಾರಲ್ಲಕ್ಕ, ತೆಗೆದ್ರೆ ಏನೂ ಆಗಲ್ವಾ?"

"ರೂಟರ್ ಇದೆಯಲ್ಲೇ. ಗೇಟ್‌ನಲ್ಲಿ ಒಬ್ಬ ಇದ್ಮೇಲೆ ಪ್ರತಿ ರೂಮಿಗೂ ಒಬ್ಬ ಯಾಕೆ?"

ಇದನ್ನು ಹೇಳಿದವಳು ಮೂವತ್ತು ವರ್ಷ ವಾರ್ಡಿನಲ್ಲಿ ಇದರ ವಿರುದ್ಧವನ್ನೇ ಕಲಿಸಿದವಳು. ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರನಿದ್ದ ಮಾತ್ರಕ್ಕೆ ಯಾವ ನರ್ಸೂ ಕೈ ತೊಳೆಯುವುದನ್ನು ಬಿಡುವುದಿಲ್ಲ. ಸೋಂಕು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತದೆ, ನಮ್ಮದೇ ಕೈಗಳ ಮೇಲೆ. ರೂಟರ್ ಹೊರಗಿನಿಂದ ಕರೆಯದೆ ಬಂದವರನ್ನು ತಡೆಯುತ್ತದೆ, ನಿಜ. ಆದರೆ ಅದರ ಕಣ್ಣಿಗೆ ಮನೆಯೊಳಗಿನ ಯಂತ್ರಗಳೆಲ್ಲ ಒಂದೇ ವಾರ್ಡಿನ ಹಾಸಿಗೆಗಳು. ಒಂದರಿಂದ ಇನ್ನೊಂದಕ್ಕೆ ಏನು ದಾಟುತ್ತಿದೆ ಎಂದು ಅದು ಕೇಳುವುದಿಲ್ಲ. ಹಾಗೆ ಕೇಳಲೆಂದೇ ಪ್ರತಿ ಯಂತ್ರದಲ್ಲಿ ಅದರದೇ ಫೈರ್‌ವಾಲ್ ಇರುವುದು. ಇದು ನನಗೆ ಅರ್ಥವಾಗದ ವಿಷಯವಲ್ಲ. ಆ ಕೆಲಸಕ್ಕಾಗಿ ನಾನು ಸಂಬಳ ತೆಗೆದುಕೊಂಡಿದ್ದೆ.

ನಾಲ್ಕು ಗೌರಿ ಹಬ್ಬಗಳ ಹಿಂದೆ, ಹಬ್ಬದ ಹಿಂದಿನ ದಿನ ಮಧ್ಯಾಹ್ನ ನನಗೊಂದು ಇಮೇಲ್ ಬಂತು. ನಿಮ್ಮ ಪಾರ್ಸೆಲ್ ತಲುಪಿಸಲಾಗಲಿಲ್ಲ, ಬಿಲ್ ಲಗತ್ತಿಸಿದೆ ಎಂದಿತ್ತು. ನಾನು ಕುಕ್ಕರಿನ ಗ್ಯಾಸ್ಕೆಟ್‌ಗೆ ಆರ್ಡರ್ ಮಾಡಿದ್ದೆ, ಒತ್ತಿದೆ. ಏನೂ ತೆರೆಯಲಿಲ್ಲ. ಮತ್ತೆ ಒತ್ತಿದೆ. ಒಲೆಯ ಮೇಲೆ ಹೂರಣದ ಬೇಳೆ ಬೇಯುತ್ತಿತ್ತು, ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಎದ್ದು ಹೋದೆ. ಮೇಲೆ ಪದ್ಮಳ ಕಂಪ್ಯೂಟರ್ ಎಂದಿನಂತೆ ಆನ್ ಆಗಿಯೇ ಇತ್ತು. ಹಬ್ಬವೆಂದು ಅವಳು ಕೆಲಸ ನಿಲ್ಲಿಸಿದ್ದಳು.

ಮಾರನೆಯ ಬೆಳಗ್ಗೆ ನಾಗೇಶ ಅಬ್ಬಿಗೆರೆಯಿಂದ ತವರಿನ ಬಾಗಿನ ತಂದ. ಸೀರೆ, ಬಳೆ, ಅರಿಶಿನ ಕುಂಕುಮ, ಅವರಮ್ಮ ಕಟ್ಟಿಕೊಟ್ಟ ಒಬ್ಬಟ್ಟು. ಅವನು ಅಪಘಾತವಾದ ವಾಹನಗಳನ್ನು ನೋಡಿ ವಿಮೆಯವರಿಗೆ ವರದಿ ಕೊಡುವ ಕೆಲಸದವನು. ಊಟವಾದ ಮೇಲೆ "ಒಂದು ರಿಪೋರ್ಟ್ ಕಳಿಸ್ಬೇಕಕ್ಕ, ವೈಫೈ ಪಾಸ್‌ವರ್ಡ್ ಹೇಳಿ" ಎಂದು ತನ್ನ ಲ್ಯಾಪ್‌ಟಾಪ್ ತೆರೆದು ಸ್ವಲ್ಪ ಹೊತ್ತು ಕೂತ. ಅಷ್ಟೇ ಅವನು ಮಾಡಿದ್ದು.

ಗಣೇಶನ ಹಬ್ಬವೂ ಮುಗಿದ ಮೇಲೆ ಪದ್ಮ ಕೆಲಸಕ್ಕೆ ಕೂತಳು. ಅವಳು ಕೂಗಿದ್ದು ಕೆಳಗೆ ಕೇಳಿಸಿತು. ಪರದೆಯ ತುಂಬ ಕೆಂಪು. ಫೈಲ್‌ಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ತೆಗೆಯುತ್ತೇವೆ. ವರ್ಷಗಳಿಂದ ಅವಳು ಬರೆದ ಒಂದೂ ವಿನ್ಯಾಸ ತೆರೆಯಲಿಲ್ಲ. ಅವರಮ್ಮನ ಮದುವೆ ಸೀರೆಯ ಅಂಚನ್ನು ನೋಡಿ ನೋಡಿ ಗೆರೆ ಗೆರೆಯಾಗಿ ಇಳಿಸಿದ ಒಂದು ಬಾರ್ಡರ್ ಇತ್ತು. ಆ ಸೀರೆ ಆಗಲೇ ಪುಡಿಯಾಗಿ ಹೋಗಿತ್ತು. ಆ ವಾರ ಒಬ್ಬ ಮದುಮಗಳ ಮುಹೂರ್ತದ ರವಿಕೆಗೆ ಹಾಕಬೇಕಿದ್ದದ್ದೂ ಅದೇ.

ನಾನು ಕೆಳಗಿಳಿದು ಬಂದು ನನ್ನ ಕಂಪ್ಯೂಟರಿನ ಪರದೆ ಆನ್ ಮಾಡಿದೆ. ಅದೇ ಕೆಂಪು. ವಾರ್ಡಿನಲ್ಲಿ ಸೋಂಕು ಎದ್ದಾಗ ಮೊದಲು ಯಾರಿಗೆ ಜ್ವರ ಬಂತು ಎಂದು ಹುಡುಕುತ್ತೇವೆ. ಅಭ್ಯಾಸದಿಂದ ಅದನ್ನೇ ಮಾಡಿದೆ. ಫೈಲ್‌ಗಳನ್ನು ಅವು ಬದಲಾದ ಹೊತ್ತಿನ ಪ್ರಕಾರ ಜೋಡಿಸಿ ನೋಡಿದೆ. ಗೌರಿ ಹಬ್ಬದ ಹಿಂದಿನ ದಿನ ಮಧ್ಯಾಹ್ನ. ಮೇಲೆ ಹೋಗಿ ಪದ್ಮಳದ್ದನ್ನೂ ನೋಡಿದೆ. ಅದೇ ಸಂಜೆ. ನಾಗೇಶ ಆಗಿನ್ನೂ ಅಬ್ಬಿಗೆರೆಯಿಂದ ಹೊರಟೇ ಇರಲಿಲ್ಲ.

ಇಷ್ಟನ್ನೇ ಹೇಳಬೇಕಿತ್ತು. ಪದ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು — ಕೆಳಗೆ ಬಂದು ನನ್ನ ಕಂಪ್ಯೂಟರಿನ ಪ್ಲಗ್ ಕಿತ್ತೆ. ಅದು ಕೆಟ್ಟು ವಾರವಾಯಿತು ಎಂದು ಹೇಳಿ, ಯಶವಂತಪುರದ ಒಂದು ಅಂಗಡಿಗೆ ಒಯ್ದು ಪೂರ್ತಿ ಅಳಿಸಿ ತಂದೆ. ಯಾರೂ ಅನುಮಾನಪಡಲಿಲ್ಲ. ನನ್ನ ಮಾತನ್ನು ಯಾರೂ ಅನುಮಾನಿಸದ ಹಾಗೆ ನಾನು ಆ ಮನೆಯಲ್ಲಿ ಬದುಕಿದ್ದೆ.

ಆದರೆ ಅಂಗಡಿಗೆ ಹೋಗುವ ಮೊದಲೇ, ಆ ಬೆಳಗ್ಗೆಯೇ ಆದದ್ದು ಇನ್ನೊಂದಿದೆ. ಹಬ್ಬದಲ್ಲಿ ನಮ್ಮ ವೈಫೈ ಬಳಸಿದ ಹೊರಗಿನವನು ನಾಗೇಶನೊಬ್ಬನೇ ಎಂದು ರಮೇಶ ಸ್ಪೀಕರ್ ಹಾಕಿ ಅವನಿಗೆ ಫೋನ್ ಮಾಡಿದ. "ಏನ್ ಬಾಮೈದ, ಬಾಗಿನದ ಜೊತೆ ಫ್ರೀ ಗಿಫ್ಟೂ ಕೊಟ್ ಹೋಗಿದೀಯ" ಎಂದು ತಮಾಷೆಯಾಗಿಯೇ ಶುರುಮಾಡಿದ.

ನಾಗೇಶ ಪೂರ್ತಿ ಕೇಳಿಸಿಕೊಂಡು ಹೇಳಿದ, "ನನ್ ಲ್ಯಾಪ್‌ಟಾಪ್ ಚೆನ್ನಾಗೇ ಇದೆಯಲ್ಲ ಬಾವ. ನನ್ನತ್ರ ಇದ್ದಿದ್ರೆ ಮೊದ್ಲು ನಂದೇ ಹೋಗ್ಬೇಕಿತ್ತಲ್ವಾ?"

ಸರಿಯಾದ ಪ್ರಶ್ನೆ. ಪದ್ಮ ನನ್ನ ಮುಖ ನೋಡಿದಳು. ಆಗ ನಾನು ಹೇಳಿದೆ — ವಾರ್ಡಿನಲ್ಲಿ ಹೊಸ ನರ್ಸ್‌ಗಳಿಗೆ ಪಾಠ ಹೇಳುವ ಅದೇ ಧ್ವನಿಯಲ್ಲಿ —

"ರೋಗ ಹೊತ್ತು ತರೋರಿಗೆ ರೋಗ ಕಾಣಿಸ್ಲೇಬೇಕು ಅಂತೇನಿಲ್ಲ."

ನಾಗೇಶ ಕೇಳಿದ, "ಸರಸಕ್ಕ, ನೀವೂ ಹಾಗೇ ಅಂತೀರಾ?"

ನಾನು ಫೋನಿನಿಂದ ಹಿಂದೆ ಸರಿದೆ. ಪದ್ಮ ಅಳುತ್ತ ಫೋನ್ ಕಿತ್ತುಕೊಂಡು, "ಇನ್ಮೇಲೆ ಬರೋದಾದ್ರೆ ಆ ಡಬ್ಬ ಮನೇಲಿಟ್ಟು ಬಾ ಕಣೋ. ಆಗ್ಲಿಲ್ಲ ಅಂದ್ರೆ ಬರ್ಲೇಬೇಡ" ಎಂದಳು.

ಮುಂದಿನ ವರ್ಷ ಅವನು ಗೇಟಿನ ಹೊರಗೇ ನಿಂತು ಬಾಗಿನದ ಚೀಲ ಸಿಂಧುವಿನ ಕೈಗೆ ಕೊಟ್ಟು ಹೋದ. ಆಮೇಲೆ ಕೊರಿಯರ್‌ನಲ್ಲಿ ಬಂತು. ಪದ್ಮ ಪ್ರತಿ ಸಲ ಅದನ್ನು ಬಿಚ್ಚಿ, ಅರಿಶಿನ ಕುಂಕುಮ ಹಚ್ಚಿಕೊಂಡು, ರಟ್ಟಿನ ಡಬ್ಬವನ್ನು ಮಡಿಸಿ ಕಸಕ್ಕೆ ಇಡುತ್ತಿದ್ದಳು. ಕಸದ ಗಾಡಿಗೆ ಯಾರು ಇಳಿಯಬೇಕೆಂದು ಚಾರ್ಟ್‌ನಲ್ಲಿ ಬರೆಯುವವಳು ನಾನೇ. ಆ ವಾರಗಳಲ್ಲಿ ನನ್ನ ಹೆಸರನ್ನೇ ಬರೆದುಕೊಳ್ಳುತ್ತಿದ್ದೆ. ಅದನ್ನು ಪ್ರಾಯಶ್ಚಿತ್ತ ಎಂದುಕೊಂಡೆನೋ ಏನೋ — ಎಂಥ ಅಗ್ಗದ ಪ್ರಾಯಶ್ಚಿತ್ತ.

ಇವತ್ತು ಬೆಳಗ್ಗೆ ಸಿಂಧು ಕಾಯುತ್ತಿದ್ದಾಗ ನಾನು ಹೇಳಿದೆ, "ಆಫ್ ಮಾಡ್ಬೇಡ ಸಿಂಧು. ಮಷಿನ್ ಒಂದಕ್ಕೆ ಮಾತ್ರ ಅನುಮತಿ ಕೊಡು, ಉಳಿದದ್ದು ಹಾಗೇ ಇರ್ಲಿ. ಹೋದ್ ಸಲ ಬಂದಿದ್ದು ನಾಗೇಶನಿಂದ ಅಲ್ಲ. ನನ್ನ ಕಂಪ್ಯೂಟ್ರಿಂದ." ಮತ್ತೆ ನಿಲ್ಲಲಿಲ್ಲ. ಇಮೇಲ್, ಪ್ರಿಂಟರ್, ಫೈಲ್‌ಗಳ ಹೊತ್ತು, ಯಶವಂತಪುರ, ಎಲ್ಲವನ್ನೂ ಹೇಳಿದೆ. ಫೈರ್‌ವಾಲ್ ಇದ್ದಿದ್ದರೂ ನಾನು ಒತ್ತಿದ ಆ ಬಿಲ್ ನನ್ನ ಕಂಪ್ಯೂಟರನ್ನು ಕೆಡಿಸಿಯೇ ಇರುತ್ತಿತ್ತು. ಆದರೆ ಬಹುಶಃ ನನ್ನದಕ್ಕೇ ನಿಲ್ಲುತ್ತಿತ್ತು, ಮೆಟ್ಟಿಲು ಹತ್ತುತ್ತಿರಲಿಲ್ಲ. ಅದನ್ನೂ ಹೇಳಿದೆ.

ಸಿಂಧು ಮೌಸ್ ಬಿಟ್ಟಳು. ಪದ್ಮ, "ಡಿಸೈನ್ ಹೋಗಿದ್ದಕ್ಕೆ ನಾನು ನಿಮ್ಮನ್ನ ಏನೂ ಅಂತಿರ್ಲಿಲ್ಲಕ್ಕ," ಎಂದಳು. "ಅವತ್ತೇ ಹೇಳಿದ್ರೆ ಒಂದಿನ ಅತ್ತು ಸುಮ್ನಾಗ್ತಿದ್ದೆ. ಅವನಿಗೆ ಬರ್ಬೇಡ ಅಂದ್ನಲ್ಲ ನಾನು — ನನ್ ಬಾಯಲ್ಲಿ ಅನ್ನಿಸಿದ್ರಿ." ಆಮೇಲೆ ಎದ್ದು, "ನೀವೇ ಹೋಗಿ ಹೇಳಿ. ಫೋನ್‌ನಲ್ಲಿ ಬೇಡ" ಎಂದು ಅಡುಗೆಮನೆಗೆ ಹೋದಳು.

ಊಟವಾದ ಮೇಲೆ ಅಬ್ಬಿಗೆರೆಗೆ ಹೋದೆ. ನಾಗೇಶ ಮನೆಯ ಮುಂದೆ ಸ್ಕೂಟರ್ ಒರೆಸುತ್ತಿದ್ದ. "ಏನ್ ಸರಸಕ್ಕ ಇಷ್ಟು ದೂರ, ಪದ್ಮಕ್ಕ ಚೆನ್ನಾಗಿದಾಳೆ ತಾನೆ? ಒಳಗೆ ಬನ್ನಿ" ಎಂದು ಗಾಬರಿಯಿಂದ ಗೇಟ್ ತೆಗೆದ. ಹೇಳುವವರೆಗೆ ಒಳಗೆ ಬರುವುದಿಲ್ಲ ಎಂದು ಗೇಟಿನ ಹೊರಗೆ ನಿಂತೇ ಹೇಳಿ ಮುಗಿಸಿದೆ.

ಅವನು ಬಟ್ಟೆಯನ್ನು ಹಿಂಡಿ ಹ್ಯಾಂಡಲಿಗೆ ಹಾಕಿದ. "ಅಮ್ಮ ಹೋಗೋವರೆಗೂ ನನ್ ಲ್ಯಾಪ್‌ಟಾಪ್ ಬ್ಯಾಗ್‌ನ ಒಳಗೆ ತರೋಕೆ ಬಿಡ್ಲಿಲ್ಲ ಸರಸಕ್ಕ. ಜಗಲಿ ಮೇಲೇ ಇಟ್ಟು ಕೈ ತೊಳ್ಕೊಂಡು ಬಾ ಅನ್ನೋರು. ಅದು ಹಂಗೆಲ್ಲ ಅಂಟಲ್ಲಮ್ಮ ಅಂದ್ರೆ, ಅಂಥ ನರ್ಸಮ್ಮನೇ ಹೇಳಿದಾರೆ, ಅವ್ರು ಸುಳ್ಳು ಹೇಳ್ತಾರೇನೋ ಅಂತ ನಂಗೇ ಬೈಯೋರು." ಹೇಳುತ್ತ ಅವನಿಗೆ ಸ್ವಲ್ಪ ನಗು ಬಂತು. ಆ ನಗು ಮುಗಿದ ಮೇಲೆ ಅವನು ನನ್ನ ಕಡೆ ನೋಡಲಿಲ್ಲ.

ಅವರಮ್ಮ ತೀರಿಕೊಂಡು ಎರಡು ವರ್ಷವಾಯಿತು. ಆ ಮನೆಗೂ ನನ್ನ ಮಾತು ಹೋಗಿ ಕೂತಿತ್ತು ಎಂದು ನನಗೆ ತಿಳಿದದ್ದು ಇವತ್ತು. ಕಂಪ್ಯೂಟರನ್ನು ಅಳಿಸಿದ ಹಾಗೆ ಅದನ್ನು ಅಳಿಸಲು ಈಗ ಯಾರಲ್ಲಿಗೂ ಹೋಗುವಂತಿಲ್ಲ.

ಕ್ಷಮಿಸು ಎಂದೆ. ಅವನು "ಕಾಫಿ ಕುಡ್ಕೊಂಡು ಹೋಗಿ" ಎಂದ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕುಡಿದೆ. ಹಬ್ಬಕ್ಕೆ ಬರುತ್ತೀಯಾ ಎಂದು ಕೇಳಲು ಬಾಯಿ ಬರಲಿಲ್ಲ. ಅದನ್ನು ಕೇಳಬೇಕಾದವಳು ಪದ್ಮ.

ಮನೆಗೆ ಬಂದಾಗ ಸಂಜೆ ಆರೂವರೆ. ಹೊಸ ಕಂಪ್ಯೂಟರಿನಲ್ಲಿ ಫೈರ್‌ವಾಲ್ ಆನ್ ಆಗಿಯೇ ಇತ್ತು, ಮಷಿನ್ನಿಗೆ ಮಾತ್ರ ದಾರಿ ಬಿಟ್ಟು. ಸಿಂಧು ರೂಟರಿನಲ್ಲಿ ಬಂದುಹೋಗುವವರಿಗೆಂದು ಬೇರೆಯೇ ವೈಫೈ ಮಾಡಿಟ್ಟಿದ್ದಳು; ಅದಕ್ಕೆ ಸೇರಿದವರಿಗೂ ನಮ್ಮ ಯಂತ್ರಗಳಿಗೂ ಸಂಬಂಧವಿಲ್ಲ. ಒಳಗೆ ಪದ್ಮ ಫೋನ್ ಹಿಡಿದು ಕೂತಿದ್ದಳು. ನಾಗೇಶನಿಗೆ ಮಾಡಿದ್ದಳೋ, ಇನ್ನು ಮಾಡಬೇಕಿತ್ತೋ, ನಾನು ಕೇಳಲಿಲ್ಲ.

ಹೊಸ ವೈಫೈ ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಬರೆದು, ಬಂದವರು ಕೂರುವ ಕುರ್ಚಿಯ ಮೇಲಿನ ಗೋಡೆಗೆ, ಕೇಳದೆಯೇ ಕಾಣುವ ಹಾಗೆ ಅಂಟಿಸಿದೆ. ಇವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.