ಡೆಮೊಗೆ ಅಮ್ಮ ಕೊಟ್ಟ ಧ್ವನಿ

ಆ ಡೆಮೊವನ್ನು ಅಮ್ಮನಿಂದ ಓದಿಸಿದ್ದು ಯಾಕೆ ಎಂಬ ವಿಷಯದಲ್ಲಿ ನನಗೂ ಅಕ್ಕನಿಗೂ ಇಂದಿಗೂ ಒಮ್ಮತವಿಲ್ಲ. ಆಫೀಸಿನಲ್ಲಿ ದುಡ್ಡಿರಲಿಲ್ಲ, ಹೊರಗಿನವರನ್ನು ಕರೆಸುವ ಹಾಗಿರಲಿಲ್ಲ, ಅದಕ್ಕೇ ಅಮ್ಮನನ್ನು ಕೇಳಿದೆ ಎಂದು ನನ್ನ ನೆನಪು. ಅಕ್ಕ ಒಪ್ಪುವುದಿಲ್ಲ. "ಆಪರೇಷನ್ ಆದ್ಮೇಲೆ ಅಮ್ಮನ ಧ್ವನಿ ಹೋಗ್ಬಿಟ್ರೆ ಅಂತ ಭಯ ನಿಂಗೆ. ಡೆಮೊ ಅನ್ನೋದು ಬರೀ ನೆಪ" ಎನ್ನುತ್ತಾಳೆ. ಆ ವಾರದ ನನ್ನ ಡೈರಿಯಲ್ಲಿರುವುದು "ಅಮ್ಮನ ರೆಕಾರ್ಡಿಂಗ್ ಮುಗೀತು, ಫ್ಯಾನ್ ಇಲ್ಲದೆ ವಿಪರೀತ ಸೆಕೆ" ಎಂಬ ಸಾಲು ಮಾತ್ರ. ಸೆಕೆಯ ಬಗ್ಗೆ ಬರೆದವಳು ಕಾರಣದ ಬಗ್ಗೆ ಯಾಕೆ ಬರೆಯಲಿಲ್ಲವೋ ಗೊತ್ತಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಪದ್ಮನಾಭನಗರದಲ್ಲಿ ಒಂದು ಮನೆಯ ಮಹಡಿಯ ಮೇಲಿನ ರೂಮೇ ನಮ್ಮ ಆಫೀಸು. ಇದ್ದವರು ಮೂರು ಜನ. ಸರ್ಕಾರಿ ಕಾರ್ಖಾನೆಯಿಂದ ಸ್ವಯಂನಿವೃತ್ತಿ ಪಡೆದು ಬಂದಿದ್ದ ಬಾಸ್. ಧಾರವಾಡದ ಕಡೆಯಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ ಪ್ರೋಗ್ರಾಮರ್. ಮತ್ತು ಕನ್ನಡ ಎಂ.ಎ. ಮುಗಿಸಿ, ಕಂಪ್ಯೂಟರ್ ಪರದೆಯ ಮೇಲೆ ಬರುವ ವಾಕ್ಯಗಳನ್ನು ಬರೆಯುತ್ತಿದ್ದ ನಾನು. ಮೆಡಿಕಲ್ ಶಾಪುಗಳಿಗೆ ಬಿಲ್ಲು ಹಾಕಲು, ಅವಧಿ ಮುಗಿಯುತ್ತಿರುವ ಔಷಧಿ ಯಾವುದೆಂದು ಮೊದಲೇ ಎಚ್ಚರಿಸಲು ಒಂದು ಸಾಫ್ಟ್‌ವೇರ್ ಮಾಡಿದ್ದೆವು. ಅದನ್ನು ತೋರಿಸಲು ಕಂಪ್ಯೂಟರನ್ನೇ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಅಂಗಡಿ ಅಂಗಡಿಗೆ ಒಯ್ಯುತ್ತಿದ್ದೆವು. ಜೆ.ಪಿ. ನಗರದ ಒಂದು ರೋಡ್ ಹಂಪಿನಲ್ಲಿ ಆಟೋ ಎಗರಿ ಮಾನಿಟರ್ ಪ್ರಾಣ ಬಿಟ್ಟಿತು. ಅಂದೇ ಬಾಸ್ ತೀರ್ಮಾನಿಸಿದರು: "ಇನ್ಮೇಲೆ ನಾವು ಹೋಗೋದ್ ಬೇಡ. ವೆಬ್‌ಸೈಟಲ್ಲೇ ಡೆಮೊ ಹಾಕೋಣ, ಅವ್ರೇ ನೋಡ್ಕೊಳ್ಲಿ."

ಪರದೆಯ ಮೇಲೆ ನಡೆಯುವುದನ್ನೆಲ್ಲ ವೀಡಿಯೊ ಮಾಡುವ ಸಾಫ್ಟ್‌ವೇರ್‌ಗಳು ಆಗಲೂ ಇದ್ದವು. ನಮ್ಮ ಕೈಗೆಟುಕಿದ್ದು ಪುಕ್ಕಟೆಯಾಗಿ ಕೆಲವು ದಿನ ಬಳಸಿ ನೋಡಬಹುದಾದದ್ದು. ಅದು ಪ್ರತಿ ಚಿತ್ರದ ನಟ್ಟನಡುವೆ ತನ್ನ ಮುದ್ರೆ ಒತ್ತುತ್ತಿತ್ತು. ಹಾಗಾಗಿ ಒಂದೊಂದೇ ಪರದೆಯ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಮಕ್ಕಳು ಬಣ್ಣ ಹಚ್ಚುವ ಪ್ರೋಗ್ರಾಮಿನಲ್ಲಿ ಅದರ ಮೇಲೆ ಕೆಂಪು ಬಾಣ ಬರೆದೆವು. ಒಂದು ಪುಟಕ್ಕೆ ಒಂದು ಚಿತ್ರ, ಅದರ ಜೊತೆ ವಿವರಣೆಯ ಧ್ವನಿ. ಚಿತ್ರಗಳೇನೋ ಆದವು. ಓದುವವರು ಯಾರು?

ಮೊದಲು ಬಾಸ್ ಓದಿದರು. ಕಾರ್ಖಾನೆಯಲ್ಲಿ ಅಪಘಾತದ ವರದಿ ಓದಿದ ಹಾಗಿತ್ತು. ನಾನು ಓದಿದೆ. "ಮೇಡಂ, ರೈಲು ತಡಾ ಆಗಿ ಬರ್ತದ ಅಂತ ಹೇಳಿದಂಗ ಐತಿ ನೋಡ್ರಿ" ಎಂದ ಪ್ರೋಗ್ರಾಮರ್. ಹಾಗಾದರೆ ನೀನೇ ಓದು ಎಂದು ಬಾಸ್ ಹೇಳಿದರೆ ಕೈ ಮುಗಿದ. "ಬ್ಯಾಡ್ರಿ ಸರ, ನನ್ ಧ್ವನಿ ಕೇಳಿದ್ರ ಅಂಗಡಿಯವ್ರು ಬಾಗಲಾ ಹಾಕ್ಕೊಂಡು ಹೊಕ್ಕಾರ."

ಅಷ್ಟರಲ್ಲಿ ಅಮ್ಮನ ಆಪರೇಷನ್ ನಿಶ್ಚಯವಾಗಿತ್ತು. ಥೈರಾಯ್ಡ್‌ನಲ್ಲಿ ಗಂಟು, ಪರೀಕ್ಷೆಯಲ್ಲಿ ಕೆಟ್ಟದ್ದಲ್ಲವೆಂದು ತಿಳಿದಿತ್ತು, ಆದರೆ ದೊಡ್ಡದಾಗುತ್ತಿದ್ದುದರಿಂದ ತೆಗೆಯಲೇಬೇಕಿತ್ತು. ಧ್ವನಿಯ ನರ ಅದರ ಹಿಂದೆಯೇ ಹಾದುಹೋಗುತ್ತದೆ, ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೂ ಹೇಳುವುದು ತಮ್ಮ ಕರ್ತವ್ಯ ಎಂದಿದ್ದರು ಸರ್ಜನ್. ಅಮ್ಮ ಪ್ರೈಮರಿ ಶಾಲೆಯ ಟೀಚರಾಗಿ ನಿವೃತ್ತರಾದವರು. ಬನಶಂಕರಿಯ ನಮ್ಮ ಮನೆಯ ಮಹಡಿಯ ಮೇಲೆ ನಿಂತು ಕರೆದರೆ ಮೂಲೆಯ ಅಂಗಡಿಯಲ್ಲಿದ್ದ ಹಾಲಿನವನು ತಿರುಗಿ ನೋಡುತ್ತಿದ್ದ. ಸಂಜೆ ನಮ್ಮ ಬೀದಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಆ ಧ್ವನಿ ಇಲ್ಲದ ಮನೆಯನ್ನು ಕಲ್ಪಿಸಿಕೊಳ್ಳಲು ನನಗೆ ಆಗುತ್ತಿರಲಿಲ್ಲ. ಅಮ್ಮ ಮಾತ್ರ "ಹೋದ್ರೆ ಹೋಗ್ಲಿ ಬಿಡೆ, ನಿಮಗೆಲ್ಲ ನೆಮ್ಮದಿ" ಎಂದು ನಗುತ್ತಿದ್ದರು. ಎಷ್ಟು ಧೈರ್ಯ ಎಂದುಕೊಂಡಿದ್ದೆ.

ರೆಕಾರ್ಡಿಂಗ್ ಮನೆಯಲ್ಲೇ ನಡೆಯಿತು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ ಅಗ್ಗದ ಮೈಕು. ಅದಕ್ಕೆ ಕಂಪ್ಯೂಟರಿನ ಗುಂಯ್ ಸದ್ದು ಕೇಳಿಸಬಾರದೆಂದು ವೈರನ್ನು ಎಳೆದಷ್ಟೂ ಎಳೆದು, ಅಮ್ಮನನ್ನು ತೆರೆದ ಬೀರುವಿನ ಎದುರು ಕೂರಿಸಿದೆ. ರೇಷ್ಮೆ ಸೀರೆಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ ಎಂಬುದು ಬಾಸ್ ಅವರ ಸಿದ್ಧಾಂತ. ಫ್ಯಾನ್ ಆಫ್. ನುಸಿಗುಳಿಗೆಯ ವಾಸನೆಯ ನಡುವೆ ಅಮ್ಮ ಸೆರಗಿನಿಂದ ಹಣೆ ಒರೆಸಿಕೊಂಡು ಶುರು ಮಾಡಿದರು.

"ಮೊದಲು ಔಷಧಿಯ ಹೆಸರನ್ನು ಬರೆಯಿರಿ." ಒಂದು ಕ್ಷಣ ನಿಲ್ಲಿಸಿ, ಮತ್ತೆ ಅದನ್ನೇ: "ಮೊದಲು... ಔಷಧಿಯ ಹೆಸರನ್ನು... ಬರೆಯಿರಿ."

"ಅಮ್ಮಾ, ಒಂದೇ ಸಲ ಸಾಕು."

"ಒಂದೇ ಸಲ ಹೇಳಿದ್ರೆ ಹಿಂದಿನ ಬೆಂಚಿನವರು ಬರ್ಕೊಳೋದ್ ಹೇಗೆ?"

ಉಕ್ತಲೇಖನ ಕೊಟ್ಟೂ ಕೊಟ್ಟೂ ಬಂದ ಅಭ್ಯಾಸ. ಎಷ್ಟು ಹೇಳಿದರೂ ಎರಡು ವಾಕ್ಯವಾಗುವಷ್ಟರಲ್ಲಿ ಮತ್ತೆ ಅದೇ. ಕೊನೆಗೆ ಹಾಗೇ ಓದಲು ಬಿಟ್ಟೆ. ಆಮೇಲೆ ಕತ್ತರಿಸಿದರಾಯಿತು ಎಂದುಕೊಂಡೆ.

ಆಫೀಸಿನಲ್ಲಿ ಪ್ರೋಗ್ರಾಮರ್ ಕತ್ತರಿಸಲು ಕೂತೂ ಇದ್ದ. ಧ್ವನಿ ಉದ್ದವಾದಷ್ಟೂ ವೆಬ್‌ಸೈಟಿನಲ್ಲಿ ಜಾಗ ಹೆಚ್ಚು ತಿನ್ನುತ್ತದೆ. ನಾವು ಬಾಡಿಗೆಗೆ ಹಿಡಿದಿದ್ದ ಜಾಗ ಎಲ್ಲಕ್ಕಿಂತ ಕಡಿಮೆ ದರದ್ದು. ಆದರೆ ಬಾಸ್ ಅದಕ್ಕೆ ಮುಂಚೆ ಎದುರು ರಸ್ತೆಯ ಸೈಬರ್ ಸೆಂಟರಿಗೆ ಹೋಗಿ ಹಾಗೆಯೇ ಹಾಕಿ ನೋಡಿದ್ದರು. ಟೆಲಿಫೋನ್ ಲೈನಿನ ಇಂಟರ್ನೆಟ್ಟಿನಲ್ಲಿ ಚಿತ್ರ ಮೇಲಿನಿಂದ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಹಿಂಡಿ ಹಿಂಡಿ ಚಿಕ್ಕದು ಮಾಡಿದ್ದ ಧ್ವನಿ ಅದಕ್ಕಿಂತ ಮೊದಲೇ ಬಂದುಬಿಡುತ್ತಿತ್ತು. ಅಮ್ಮ ಒಂದು ವಾಕ್ಯವನ್ನು ಮೊದಲ ಸಲ ಹೇಳುವಾಗ ಪರದೆಯ ಮೇಲೆ ಅರ್ಧ ಚಿತ್ರವೂ ಇರುತ್ತಿರಲಿಲ್ಲ. ಎರಡನೆಯ ಸಲ ಹೇಳುವ ಹೊತ್ತಿಗೆ ಕೆಂಪು ಬಾಣ ಬಂದು ಕೂತಿರುತ್ತಿತ್ತು.

ಬಾಸ್ ಮೆಟ್ಟಿಲು ಹತ್ತುತ್ತಲೇ ಕೂಗಿದರು, "ಏಯ್, ಕಟ್ ಮಾಡ್ಬೇಡ ಕಣಯ್ಯಾ! ಒಂದಕ್ಷರಾನೂ ಮುಟ್ಬೇಡ!"

"ಮುಟ್ಟಿಲ್ಲ ಬಿಡ್ರಿ ಸರ. ಟೀಚರ್ ಧ್ವನಿ ಕತ್ತರಿಸಿದ್ರ ಬೆಂಚಿನ ಮ್ಯಾಲ ನಿಂದರಸ್ತಾರ."

ಡೆಮೊ ವೆಬ್‌ಸೈಟಿಗೆ ಏರಿದ ಮಾರನೆಯ ವಾರ ಅಮ್ಮನ ಆಪರೇಷನ್ ಆಯಿತು.

ಮಧ್ಯಾಹ್ನ ಅವರನ್ನು ವಾರ್ಡಿಗೆ ತಂದರು. ಕಣ್ಣು ಬಿಟ್ಟರು, ನಮ್ಮನ್ನು ಗುರುತಿಸಿದರು, ಮಾತಾಡಲಿಲ್ಲ. ನೋವಿದೆಯಾ ಅಂದರೆ ಇಲ್ಲವೆಂದು ತಲೆ ಆಡಿಸಿದರು. ನೀರು ಬೇಕಾ ಅಂದರೆ ಬೇಕೆಂದು ಹೆಬ್ಬೆರಳನ್ನು ಬಾಯಿಯತ್ತ ತೋರಿಸಿದರು. ಅಮಲು ಇನ್ನೂ ಇಳಿದಿಲ್ಲ ಎಂದು ಸಮಾಧಾನ ಮಾಡಿಕೊಂಡೆವು. ಸಂಜೆಯಾಗುವಷ್ಟರಲ್ಲಿ ಎದ್ದು ಒರಗಿ ಕೂತರು, ಅಕ್ಕನ ಸೆರಗು ಸರಿಮಾಡಿದರು, ಕಿಟಕಿ ಹಾಕು ಎಂದು ಕೈಸನ್ನೆ ಮಾಡಿದರು. ತುಟಿ ಮಾತ್ರ ಬಿಚ್ಚಲಿಲ್ಲ. ಅಕ್ಕ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು. ನಾನು ಅಳಲಿಲ್ಲ ಎಂದು ನೆನಪು. ನಾನೇ ಹೆಚ್ಚು ಅತ್ತೆ ಎಂದು ಅಕ್ಕ. ಇಲ್ಲಿ ಅವಳ ಮಾತೇ ಸರಿಯಿರಬಹುದು.

ಸರ್ಜನ್ ರೌಂಡ್ಸಿಗೆ ಬಂದರು. "ಏನ್ ಮೇಡಂ, ಹೇಗಿದೀರಾ?"

ಅಮ್ಮ ಕೈ ಎತ್ತಿ ಚೆನ್ನಾಗಿದ್ದೇನೆ ಎಂಬಂತೆ ತೋರಿಸಿದರು.

"ಕೈಯಲ್ಲಿ ಬೇಡ, ಬಾಯಲ್ಲಿ ಹೇಳಿ."

ಅಮ್ಮ ಡಾಕ್ಟರರನ್ನು ನೋಡಿ, ಅವರ ಹಿಂದೆ ನಿಂತಿದ್ದ ನರ್ಸನ್ನು ನೋಡಿದರು. ಆಮೇಲೆ ಸ್ಪಷ್ಟವಾಗಿ, ಸ್ವಲ್ಪ ಒರಟಾಗಿ ಕೇಳಿದರು: "ಮಾತಾಡ್ಬಹುದಾ? ಈ ಸಿಸ್ಟರ್ ಬೇಡ ಅಂದಿದ್ರಲ್ಲ."

"ಅಯ್ಯೋ ಆಂಟಿ! ಥಿಯೇಟರಿಂದ ಕರ್ಕೊಂಡ್ ಬರುವಾಗ ಸ್ವಲ್ಪ ಹೊತ್ತು ಅಂದಿದ್ದು ನಾನು!"

"ಸ್ವಲ್ಪ ಹೊತ್ತು ಅಂದ್ರೆ ಎಷ್ಟು ಹೊತ್ತು ಅಂತ ಹೇಳ್ಬೇಕಲ್ಲಮ್ಮ. ನಾನು ಸುಮ್ನೆ ಕೂತಿದೀನಿ, ಇವರಿಬ್ರು ನೋಡಿದ್ರೆ ಕಣ್ಣೆಲ್ಲ ಕೆಂಪು ಮಾಡ್ಕೊಂಡಿದಾರೆ."

ಸರ್ಜನ್ ಜೋರಾಗಿ ನಕ್ಕರು. ನಾನು ಮಂಚದ ತುದಿಯಲ್ಲಿ ಕೂತುಬಿಟ್ಟೆ. ಅದಕ್ಕೂ ಬೈಸಿಕೊಂಡೆ, ಪೇಷೆಂಟ್ ಮಂಚದ ಮೇಲೆ ಕೂರಬಾರದಂತೆ.

ಕೆಲವು ತಿಂಗಳ ನಂತರ, ಅಂಗಡಿಗೆ ವಾಪಸ್ ಬರುವ ಔಷಧಿಗಳಿಗಾಗಿ ಸಾಫ್ಟ್‌ವೇರಿಗೆ ಹೊಸ ಪರದೆ ಸೇರಿಸಿದೆವು. ಡೆಮೊಗೂ ಹೊಸ ವಾಕ್ಯಗಳು ಬೇಕಾದವು. ಹಳೆಯದರ ಜೊತೆ ಹೊಂದಲಿ ಎಂದು ಅಮ್ಮನಿಗೆ ಮೊದಲಿನ ರೆಕಾರ್ಡಿಂಗ್ ಕೇಳಿಸಿದೆ. ಅರ್ಧಕ್ಕೇ ಕೈ ಎತ್ತಿದರು.

"ಇದನ್ನ ತೆಗ್ದುಬಿಡು. ಪೂರ್ತಿ ಮತ್ತೆ ಓದ್ತೀನಿ."

"ಯಾಕಮ್ಮ? ಚೆನ್ನಾಗೇ ಇದೆಯಲ್ಲ."

"ಏನ್ ಚೆನ್ನಾಗಿದೆ? ಹೆದರ್ಕೊಂಡು ಓದಿದೀನಿ ಕಣೆ. ಕೇಳ್ಸಲ್ವಾ ನಿಂಗೆ?"

ನನಗೆ ಕೇಳಿಸಿರಲಿಲ್ಲ. ಅಷ್ಟು ಸಲ ಕೇಳಿ, ಪುಟಕ್ಕೆ ತಕ್ಕಂತೆ ಜೋಡಿಸಿ, ಒಂದೊಂದು ಉಸಿರೂ ಬಾಯಿಪಾಠವಾಗಿದ್ದರೂ ಕೇಳಿಸಿರಲಿಲ್ಲ. ಮತ್ತೊಮ್ಮೆ ಹಾಕಿದೆ. ವಾಕ್ಯದ ಕೊನೆಯಲ್ಲಿ ಧ್ವನಿ ತುಸು ತೆಳುವಾಗುತ್ತಿತ್ತು ಅನ್ನಿಸಿತು. ಅವರು ಹೇಳಿದ್ದಕ್ಕೇ ಹಾಗನ್ನಿಸಿತೇನೋ, ಹೇಳಲಾರೆ.

ಮತ್ತೆ ಬೀರುವಿನ ಎದುರು ಕೂತು ಮೊದಲಿನಿಂದ ಓದಿದರು. ಧ್ವನಿ ಒಂದು ಎಳೆಯಷ್ಟು ತಗ್ಗಿತ್ತು, ಅಲ್ಲಲ್ಲಿ ಗೊರಗೊರ. ಎರಡೂ ಇರಲಿ ಎಂಬ ಆಸೆ ನನಗಿತ್ತು. ಆದರೆ ವೆಬ್‌ಸೈಟಿನಲ್ಲಿ ಎರಡಕ್ಕೆ ಜಾಗವಿರಲಿಲ್ಲ, ಮನೆಯ ಕಂಪ್ಯೂಟರಿನ ಡಿಸ್ಕೂ ತುಂಬಿ ಹೊಸದನ್ನು ಉಳಿಸಲು ನಿರಾಕರಿಸುತ್ತಿತ್ತು. ಹಳೆಯ ಕಡತದ ಮೇಲೆ ಮೌಸಿನ ಬಾಣವಿಟ್ಟುಕೊಂಡು ಕೂತಿದ್ದೆ. ಅಡುಗೆಮನೆಯಿಂದ ಕೂಗು ಬಂತು.

"ಕರೆಂಟ್ ಹೋಗೋದ್ರೊಳಗೆ ಮಿಕ್ಸಿ ಹಾಕ್ಕೊಡು ಬಾರೇ! ಕಾಯಿ ತುರ್ದು ಎಷ್ಟೊತ್ತಾಯ್ತು!"

ನಿಜವಾಗಿ ಅಳಿಸಲೇ ಎಂದು ಕಂಪ್ಯೂಟರ್ ಇನ್ನೊಮ್ಮೆ ಕೇಳಿತು. ಹೌದು ಎಂದು ಒತ್ತಿ, ಚಟ್ನಿ ರುಬ್ಬಲು ಎದ್ದು ಹೋದೆ.