ಮುಷ್ಕರದ ವರ್ಷ ನಮ್ಮ ಓಣಿಯ ನಾಟಕ

ನಮ್ಮನೆಯವರು ಬೆಂಗಳೂರಿನಲ್ಲಿ ಟೀವಿ ಧಾರಾವಾಹಿಗಳಿಗೆ ಲೈಟು ಹಾಕುವ ಕೆಲಸ ಮಾಡುತ್ತಿದ್ದರು. ಬ್ಯಾಡಗಿಯಲ್ಲಿ ಇದನ್ನು ಯಾರಿಗೆ ಹೇಳಿದರೂ, ಹಾಗಾದರೆ ಅವರು ಟೀವಿಯಲ್ಲಿ ಯಾವಾಗ ಕಾಣಿಸುತ್ತಾರೆ ಎಂದು ಕೇಳುತ್ತಿದ್ದರು. ಅವರು ಕಾಣಿಸುವುದಿಲ್ಲ, ಬೇರೆಯವರು ಕಾಣಿಸುವ ಹಾಗೆ ಮಾಡುತ್ತಾರೆ ಎಂದು ವಿವರಿಸಿ ವಿವರಿಸಿ ನನಗೆ ಸಾಕಾಗಿತ್ತು. ಕೊನೆಕೊನೆಗೆ ಕರೆಂಟಿನ ಕೆಲಸ ಎಂದು ಹೇಳಿ ಮಾತು ಮುಗಿಸುತ್ತಿದ್ದೆ.

ಮದುವೆಯಾಗಿ ಕೆಲವು ವರ್ಷಗಳಾಗಿದ್ದರೂ ನಾವು ಒಟ್ಟಿಗೆ ಇದ್ದದ್ದು ಬಹಳ ಕಡಿಮೆ. ಅವರು ದಸರೆಗೆ ಒಮ್ಮೆ, ಯುಗಾದಿಗೆ ಒಮ್ಮೆ ಬರುತ್ತಿದ್ದರು. ನಾನು ಅತ್ತೆ ಮತ್ತು ಪುಟ್ಟ ಮಗಳ ಜೊತೆ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದ್ದೆ. ಬೆಳಿಗ್ಗೆ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದೆ. ಸುಗ್ಗಿ ಬಂದರೆ ಅತ್ತೆ ಓಣಿಯ ಹೆಂಗಸರ ಜೊತೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದರು. ಇದೆಲ್ಲ ತೊಂಬತ್ತರ ದಶಕದ ಮೊದಲ ಭಾಗದ ಮಾತು.

ಆ ವರ್ಷ ದಸರೆ ಮುಗಿಸಿಕೊಂಡು ಹೋದವರು ದೀಪಾವಳಿ ಕಳೆದ ಮೇಲೆ ಮತ್ತೆ ಬಂದರು. ಹೇಳದೆ ಕೇಳದೆ, ಟ್ರಂಕು ಹೊತ್ತುಕೊಂಡು ರೈಲಿಳಿದು ಬಂದಿದ್ದರು. ಹಿಂದೆ ವಯಸ್ಸಾದವರೊಬ್ಬರು ಕೈಯಲ್ಲೊಂದು ತಗಡಿನ ಪೆಟ್ಟಿಗೆ ಹಿಡಿದು ಸಂಕೋಚದಿಂದ ಬಾಗಿಲ ಹೊರಗೇ ನಿಂತಿದ್ದರು. ನಮ್ಮನೆಯವರು ಲೈಟು ಹಾಕುತ್ತಿದ್ದ ಧಾರಾವಾಹಿಯಲ್ಲೇ ಮೇಕಪ್ ಮಾಡುವವರು, ಮೈಸೂರಿನ ಕಡೆಯವರು. ಹೆಂಡತಿ ತೀರಿಕೊಂಡಿದ್ದರು, ಸ್ವಂತ ಮನೆ ಇರಲಿಲ್ಲ. ಕಂಪನಿ ಕೊಟ್ಟ ಕೋಣೆಯೇ ಅವರ ಮನೆ. ಆ ಕೋಣೆಯನ್ನು ಈಗ ಬಿಡಿಸಿದ್ದರು. ಅತ್ತೆ ಏನೂ ಕೇಳದೆ, ಬರ್ರಿ ಅಣ್ಣಾರ, ಒಳಗ ಕುಂದ್ರಿ ಎಂದು ನೀರು ಕೊಟ್ಟರು. ಮಗಳು ಮರುದಿನದಿಂದಲೇ ಅವರನ್ನು ಬಣ್ಣದ ಕಾಕಾ ಎಂದು ಕರೆಯತೊಡಗಿದಳು. ಆಮೇಲೆ ಇಡೀ ಓಣಿಯವರ ಬಾಯಲ್ಲಿ ಅವರಿಗೆ ಅದೇ ಹೆಸರಾಯಿತು.

ಏನಾಯಿತೆಂದು ಊಟಕ್ಕೆ ಕುಳಿತಾಗ ನಮ್ಮನೆಯವರು ಹೇಳಿದರು. ಸಿನಿಮಾಕ್ಕೂ ಟೀವಿಗೂ ಕಥೆ, ಸಂಭಾಷಣೆ ಬರೆಯುವವರೆಲ್ಲ ಸೇರಿ ಮುಷ್ಕರ ಹೂಡಿದ್ದರು. ಬರೆದದ್ದಕ್ಕೆ ಸರಿಯಾಗಿ ಸಂಬಳವಿಲ್ಲ, ಎಷ್ಟೋ ಸಲ ಪರದೆಯ ಮೇಲೆ ಹೆಸರೂ ಬರುವುದಿಲ್ಲ, ಇದು ಸರಿಹೋಗುವ ತನಕ ಒಂದು ಅಕ್ಷರ ಬರೆಯುವುದಿಲ್ಲ ಎಂದು ಕೂತಿದ್ದರಂತೆ. ಮೊದಲಿಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಬರೆದಿಟ್ಟ ದೃಶ್ಯಗಳಿದ್ದವು, ಅವನ್ನು ತೆಗೆದರು. ಅವು ಮುಗಿದವು. ನಿರ್ದೇಶಕರು ತಾವೇ ಬರೆಯಲು ಹೋದರೆ ನಟರು ಒಪ್ಪಲಿಲ್ಲ. ಸೆಟ್ಟಿಗೆ ಬಂದು, ಲೈಟು ನಿಲ್ಲಿಸಿ, ಬಣ್ಣ ಹಚ್ಚಿ, ಚಹಾ ಕುಡಿದು ಎಲ್ಲರೂ ಸುಮ್ಮನೆ ಕೂರುವ ದಿನಗಳು ಬಂದವು. ಕೊನೆಗೆ ಮ್ಯಾನೇಜರು ಸೆಟ್ಟಿಗೆ ಬೀಗ ಹಾಕಿ, ಸುದ್ದಿ ಕಳಿಸುವ ತನಕ ಊರಿಗೆ ಹೋಗಿ ಎಂದರು. ಲೈಟಿನವರು, ಕ್ಯಾಮರಾ ಸಹಾಯಕರು, ಬಟ್ಟೆಯವರು, ಅಡುಗೆಯವರು ಎಲ್ಲರೂ ದಿನಗೂಲಿಯವರೇ. ಕೆಲಸವಿಲ್ಲದ ದಿನ ಕೂಲಿಯೂ ಇಲ್ಲ.

ನಮ್ಮನೆಯವರಿಗೆ ಬರಹಗಾರರ ಮೇಲೆ ಬಹಳ ಸಿಟ್ಟಿತ್ತು. ‘ಅವರು ಪೆನ್ನು ಮುಚ್ಚಿಟ್ಟು ಮನ್ಯಾಗ ಕುಂತಾರ. ನಮ್ಮನ್ನ ಒಂದ ಮಾತ ಕೇಳಿದ್ರೇನು?’ ಎಂದರು.

ಕಾಕಾ ನಿಧಾನವಾಗಿ ರೊಟ್ಟಿ ಮುರಿಯುತ್ತಾ, ‘ಕೇಳಬೇಕಿತ್ತು. ಅದು ಅವರ ತಪ್ಪೇ. ಆದ್ರೆ ಅವರು ಕೇಳ್ತಿರೋದು ತಪ್ಪಲ್ಲ ಕಣಪ್ಪ’ ಎಂದರು. ಈ ವಾದ ಆ ಚಳಿಗಾಲವೆಲ್ಲ ನಮ್ಮ ಅಡುಗೆಮನೆಯಲ್ಲಿ ನಡೆಯಿತು. ಒಬ್ಬರೂ ಸೋಲಲಿಲ್ಲ, ಒಬ್ಬರೂ ಊಟ ಬಿಟ್ಟು ಏಳಲಿಲ್ಲ.

ಕೆಲಸ ಹುಡುಕಿಕೊಳ್ಳಲೇಬೇಕಿತ್ತು. ರಾಣೇಬೆನ್ನೂರಿನಲ್ಲಿ ಮದುವೆ ಮಂಟಪಗಳಿಗೆ ದೀಪದ ಸರ ಕಟ್ಟುವವನೊಬ್ಬ ನಮ್ಮನೆಯವರನ್ನು ಸೇರಿಸಿಕೊಂಡ. ಅವರು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮರಳುತ್ತಿದ್ದರು. ಕಾಕಾ ಮೊದಲು ಅತ್ತೆಯ ಜೊತೆ ತೊಟ್ಟು ಬಿಡಿಸುತ್ತೇನೆಂದು ಹೊರಟರು. ಅರ್ಧ ದಿನ ಸೀನಿ ಸೀನಿ, ಕಣ್ಣು ಕೆಂಪಾಗಿ ವಾಪಸು ಬಂದರು. ಆಮೇಲೆ ಹಾವೇರಿಯಲ್ಲಿ ಏಲಕ್ಕಿ ಹಾರ ಮಾಡುವ ಮನೆಯೊಂದರಲ್ಲಿ ಕೆಲಸ ಸಿಕ್ಕಿತು. ವಿಗ್ಗು ಕಟ್ಟಿ ಪಳಗಿದ ಬೆರಳುಗಳಿಗೆ ಏಲಕ್ಕಿ ಪೋಣಿಸುವುದು ಕಷ್ಟವಾಗಲಿಲ್ಲ. ಸಂಜೆ ಅವರು ಮನೆಗೆ ಬಂದರೆ ಪಡಸಾಲೆಯೆಲ್ಲ ಏಲಕ್ಕಿಯ ವಾಸನೆ, ಅತ್ತೆ ಬಂದರೆ ಮೆಣಸಿನಕಾಯಿ ಘಾಟು. ನಡುವೆ ಕುಳಿತ ನನ್ನ ಮಗಳು ಒಮ್ಮೆ ಮೂಸುತ್ತಿದ್ದಳು, ಒಮ್ಮೆ ಸೀನುತ್ತಿದ್ದಳು.

ಕಷ್ಟದ ಕಾಲವೆಂದು ಹೇಳಬೇಕು, ಕಷ್ಟ ಇತ್ತು ಕೂಡ. ಆದರೆ ನೆನೆಸಿಕೊಂಡರೆ ನನಗೆ ಮೊದಲು ಬರುವುದು ಸಂತೋಷವೇ. ಗಂಡ ದಿನಾ ಸಂಜೆ ಮನೆಗೆ ಬರುವುದು ಎಂದರೇನೆಂದು ನನಗೆ ಆ ವರ್ಷ ತಿಳಿಯಿತು. ಮೊದಲ ವಾರ ನನ್ನ ಸೆರಗಿನ ಹಿಂದೆ ಅಡಗುತ್ತಿದ್ದ ಮಗಳು ಆಮೇಲೆ ಬಸ್ಸಿನ ಸದ್ದು ಕೇಳಿದರೆ ಓಣಿಯ ತುದಿಗೆ ಓಡುತ್ತಿದ್ದಳು. ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಏನ್ರಿ ಎಂದೆ. ‘ನಿನ್ನ ನೆರಳು ನಿನ್ನ ಕೈ ಮ್ಯಾಲೇ ಬೀಳಾಕತ್ತೈತಿ’ ಎಂದರು. ಮರುದಿನ ವೈರು ಎಳೆದು ಅಡುಗೆಮನೆಯ ಬಲ್ಬನ್ನು ಬೇರೆ ಗೋಡೆಗೆ ಹಾಕಿಕೊಟ್ಟರು. ಅಷ್ಟು ವರ್ಷ ನಾನು ಅರೆಗತ್ತಲೆಯಲ್ಲಿ ರೊಟ್ಟಿ ಮಾಡುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಸಂಕ್ರಾಂತಿಗೆ ನಮ್ಮ ಓಣಿಯ ಮಹಿಳಾ ಮಂಡಳದ ಕಾರ್ಯಕ್ರಮ ಇರುತ್ತಿತ್ತು. ಪ್ರತಿವರ್ಷ ಒಂದು ಕೋಲಾಟ, ಎರಡು ಹಾಡು, ಎಳ್ಳುಬೆಲ್ಲ ಹಂಚಿದರೆ ಮುಗಿಯುತ್ತಿತ್ತು. ಈ ಸಲ ಓಣಿಯಲ್ಲಿ ಮೇಕಪ್ಪಿನವರಿದ್ದಾರೆ, ಲೈಟಿನವರಿದ್ದಾರೆ, ನಾಟಕವನ್ನೇ ಆಡೋಣ ಎಂದು ಪಕ್ಕದ ಮನೆಯ ಗೆಳತಿ ಸುದ್ದಿ ಎತ್ತಿದಳು. ಅವಳ ಗಂಡ ದರ್ಜಿ, ಬಟ್ಟೆಯ ಚಿಂತೆ ಇರಲಿಲ್ಲ. ನಾಟಕವನ್ನು ಬಾಲವಾಡಿಯ ಟೀಚರು ಬರೆಯಲಿ ಎಂದು ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು. ನನಗೂ ಒಳಗೊಳಗೆ ಆಸೆ ಇತ್ತು.

ಕಾಕಾನಿಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. ಬಣ್ಣ ಹಚ್ಚುತ್ತೇನೆ, ಆದರೆ ಯಾರೂ ಬರೆಯುವ ಹಾಗಿಲ್ಲ ಎಂದರು. ಎಲ್ಲರೂ ನಕ್ಕರು. ನಮ್ಮ ಓಣಿಯ ನಾಟಕಕ್ಕೂ ಬೆಂಗಳೂರಿನ ಮುಷ್ಕರಕ್ಕೂ ಏನು ಸಂಬಂಧ? ಕಾಕಾ ನಗಲಿಲ್ಲ.

‘ಸಂಬಂಧ ಇಲ್ಲ ಅಂತ ನನಗೂ ಗೊತ್ತಮ್ಮ. ಆದ್ರೆ ಅಲ್ಲಿ ಅವರು ಬರೆಯೋದು ನಿಲ್ಲಿಸಿ ಕೂತಿದ್ದಾರೆ. ಇಲ್ಲಿ ಬರೆದ ಮಾತಿಗೆ ಬಣ್ಣ ಹಚ್ಚೋಕೆ ನನ್ನ ಕೈ ಏಳೋಲ್ಲ.’

ಅವರಿಗೆ ಇಲ್ಲವೆನ್ನಲು ಯಾರಿಗೂ ಮನಸ್ಸು ಬರಲಿಲ್ಲ. ಆಗ ಅತ್ತೆ ಮೂಲೆಯಿಂದ, ‘ಬರದದ್ದು ಯಾರಿಗೆ ಬೇಕಾಗೈತಿ? ನನಗೇನ ಓದಾಕ ಬರತೈತೇನು? ಬಾಯಿ ಐತೆಲ್ಲ’ ಎಂದರು. ಹಾಗೆ ಬರೆಯದ ನಾಟಕ ಆಡುವುದೆಂದು ತೀರ್ಮಾನವಾಯಿತು.

ಕಥೆ ಇಷ್ಟೇ. ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಕೆಲವು ಹೆಂಗಸರು ಕಾಗಿನೆಲೆಯ ಬಸ್ಸಿಗೆ ಕಾಯುತ್ತಿದ್ದಾರೆ. ಬಸ್ಸು ಬರುವ ತನಕ ತಮ್ಮ ತಮ್ಮ ಸುಖದುಃಖ ಮಾತಾಡುತ್ತಾರೆ. ಮಗಳ ಮನೆಗೆ ಹೊರಟ ಮುದುಕಿ ಅತ್ತೆ. ಮೀಸೆ ಅಂಟಿಸಿಕೊಂಡ ಕಂಡಕ್ಟರು ದರ್ಜಿಯ ಹೆಂಡತಿ. ಕೊನೆಗೆ ನಾನು ‘ಬಸ್ ಬಂತು’ ಎನ್ನಬೇಕು, ಎಲ್ಲರೂ ಹತ್ತಿ ಹೋಗಬೇಕು. ಅಲ್ಲಿಗೆ ನಾಟಕ ಮುಗಿಯಿತು.

ತಾಲೀಮು ಪ್ರತಿದಿನ ಒಂದೊಂದು ರೀತಿ ಆಗುತ್ತಿತ್ತು. ನಿನ್ನೆ ಅತ್ತವಳು ಇಂದು ಜಗಳ ಮಾಡುತ್ತಿದ್ದಳು. ನಿನ್ನೆ ಎಡಕ್ಕೆ ಕುಳಿತವಳು ಇಂದು ಬಲಕ್ಕೆ. ನಮ್ಮನೆಯವರು ರಾಣೇಬೆನ್ನೂರಿನ ಧಣಿಯಿಂದ ಕೆಲವು ಲೈಟು ಕೇಳಿ ತಂದಿದ್ದರು. ಯಾರು ಎಲ್ಲಿ ನಿಂತು ಏನು ಹೇಳುತ್ತೀರಿ, ಅಷ್ಟಾದರೂ ಹೇಳಿ ಎಂದು ದಿನಾ ಕೇಳುತ್ತಿದ್ದರು. ಆ ಹೊತ್ತಿಗೆ ಹೆಂಗ ತಿಳೀತೈತೊ ಹಂಗ ಎಂದು ಅತ್ತೆ ಉತ್ತರ ಕೊಡುತ್ತಿದ್ದರು. ಕಾಕಾ ಪಕ್ಕಕ್ಕೆ ಕುಳಿತು ಮೀಸೆಗೆ ಕೂದಲು ಹೊಂದಿಸುತ್ತಿದ್ದರು.

ಸಂಕ್ರಾಂತಿಯ ಸಂಜೆ ಬಾಲವಾಡಿಯ ಅಂಗಳ ತುಂಬಿತ್ತು. ಓಣಿಯವರಷ್ಟೇ ಅಲ್ಲ, ಮಾರುಕಟ್ಟೆಯ ಹಮಾಲರೂ ಅಂಗಡಿಯವರೂ ಬಂದಿದ್ದರು. ಆರಂಭ ಚೆನ್ನಾಗಿಯೇ ಆಯಿತು. ಅತ್ತೆ ಗಂಟು ಹಿಡಿದು ಬಂದು ಕುಳಿತು, ಯಾರೂ ಕೇಳದಿದ್ದರೂ ತಾವು ಮದುವೆಯಾಗಿ ಬ್ಯಾಡಗಿಗೆ ಬಂದ ದಿನದ ಕಥೆ ತೆಗೆದರು. ತಾಲೀಮಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಚಕ್ಕಡಿಯಿಂದ ಇಳಿಯುತ್ತಲೇ ಕಾಯಿಯ ಘಾಟಿಗೆ ಕಣ್ಣು ಮೂಗಿನಲ್ಲಿ ನೀರು ಸುರಿಯಿತಂತೆ. ಹೊಸ ಸೊಸೆ ತವರು ನೆನೆದು ಅಳುತ್ತಿದ್ದಾಳೆಂದು ನೆರೆದವರೆಲ್ಲ ಸಮಾಧಾನ ಮಾಡಿದರಂತೆ. ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ, ನನಗೂ ಅದು ಹೊಸದು.

ನಗು ಕೇಳಿ ಅತ್ತೆಗೆ ಹುರುಪು ಬಂತು. ಮಾವನ ಕಥೆ, ದಾಯಾದಿಗಳ ಕಥೆ, ಎಮ್ಮೆ ಕಳೆದುಹೋದ ಕಥೆ ಒಂದಾದ ಮೇಲೊಂದು ಬಂದವು. ಉಳಿದವರಿಗೆ ಬಾಯಿ ತೆರೆಯಲು ಅವಕಾಶವಿಲ್ಲ. ಸಮಯ ನೋಡಿ ನಾನು, ‘ಬಸ್ ಬಂತು’ ಎಂದೆ.

‘ಬಂದ್ರ ನಿಂದರ್ಲಿ. ನಂದಿನ್ನೂ ಮುಗದಿಲ್ಲ’ ಎಂದರು ಅತ್ತೆ.

ಜನ ಚಪ್ಪಾಳೆ ತಟ್ಟಿ ನಕ್ಕರು. ಆದರೆ ನಾನು ಎರಡನೆಯ ಸಲ ‘ಬಸ್ ಬಂತು’ ಎಂದಾಗ ಅಷ್ಟು ನಗು ಬರಲಿಲ್ಲ. ಮೂರನೆಯ ಸಲ ನಗಲೇ ಇಲ್ಲ. ಕಂಡಕ್ಟರು ಒಳಗೆ ಹೋಗಿ ಮತ್ತೆ ಹೊರಗೆ ಬಂದು, ಏನು ಮಾಡಬೇಕೆಂದು ತಿಳಿಯದೆ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಕಟ್ಟತೊಡಗಿದಳು. ಎಮ್ಮೆಯ ಕಥೆ ಎರಡನೆಯ ಬಾರಿ ಶುರುವಾಯಿತು. ಮಕ್ಕಳು ಎದ್ದು ಆಟಕ್ಕೆ ಹೋದರು. ಹಿಂದೆ ಕುಳಿತ ಹಮಾಲರು ಬೀಡಿ ಹಚ್ಚಲು ಆಚೆ ನಡೆದರು. ಅತ್ತೆಯ ದನಿಯೂ ಸೋಲುತ್ತಿತ್ತು. ಅವರಿಗೂ ನಿಲ್ಲಿಸಬೇಕೆನಿಸಿದೆ, ಹೇಗೆಂದು ತಿಳಿಯುತ್ತಿಲ್ಲ ಎಂದು ನನಗೆ ಹತ್ತಿರದಿಂದ ಕಾಣುತ್ತಿತ್ತು.

ಆಗ ಪಕ್ಕದಿಂದ ಇದ್ದಕ್ಕಿದ್ದಂತೆ ಎರಡು ಲೈಟು ಒಟ್ಟಿಗೆ ಹತ್ತಿದವು. ನಮ್ಮನೆಯವರು ಉಳಿದ ದೀಪವೆಲ್ಲ ಆರಿಸಿ, ಆ ಎರಡನ್ನು ಜೋಡಿಯಾಗಿ ಒಂದು ಹಲಗೆಗೆ ಕಟ್ಟಿ, ದರ್ಜಿಯ ಕೈಗೆ ಒಂದು ತುದಿ ಕೊಟ್ಟು ಮೆಲ್ಲಗೆ ಮುಂದೆ ತರುತ್ತಿದ್ದರು. ನೋಡಿದರೆ ತಿರುವಿನಲ್ಲಿ ಬರುವ ಬಸ್ಸೇ. ನಮ್ಮ ಎಲ್ಲರ ನೆರಳು ಹಿಂದಿನ ಗೋಡೆಯ ಮೇಲೆ ದೊಡ್ಡದಾಗುತ್ತಾ ಹೋಯಿತು. ಅತ್ತೆ ಮಾತು ನಿಲ್ಲಿಸಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

‘ಬಂತು ನೋಡ್ರವಾ. ಇನ್ನ ಹತ್ತಲೇಬೇಕು’ ಎಂದು ಗಂಟು ಎತ್ತಿಕೊಂಡು ಬೆಳಕಿನೊಳಗೆ ನಡೆದುಹೋದರು. ನಾವೆಲ್ಲ ಹಿಂದೆ ಹೋದೆವು. ದೀಪ ಆರಿತು. ಚಪ್ಪಾಳೆ ಬಿತ್ತು. ಬೀಡಿಗೆ ಹೋದವರೂ ಬಾಗಿಲಲ್ಲಿ ನಿಂತು ತಟ್ಟುತ್ತಿದ್ದರು.

ಜನ ಹೋದ ಮೇಲೆ ನಮ್ಮನೆಯವರು ವೈರು ಸುತ್ತುತ್ತಾ ಕುಳಿತಿದ್ದರು. ತಲೆ ಎತ್ತದೆ, ‘ಕಾಕಾ, ಬರದದ್ದು ಕೈಯಾಗ ಇಲ್ಲಂದ್ರ ಲೈಟ್ ಎಲ್ಲಿ ಇಡಬೇಕಂತ ನನಗ ತಿಳಿಯಲಿಲ್ಲ’ ಎಂದರು. ಸುತ್ತಿದ ವೈರನ್ನು ಪಕ್ಕಕ್ಕಿಟ್ಟು, ‘ಆದರೂ ಅವರು ನಮ್ಮನ್ನ ಕೇಳಬೇಕಾಗಿತ್ತು’ ಎಂದು ಸೇರಿಸಿದರು.

ಕಾಕಾ, ಕೇಳಬೇಕಿತ್ತು ಎಂದು ಒಪ್ಪಿಕೊಂಡು, ಕಂಡಕ್ಟರಿನ ಮೀಸೆ ಬಿಡುತ್ತಿಲ್ಲ, ಒಂದಿಷ್ಟು ಕೊಬ್ಬರಿ ಎಣ್ಣೆ ಸಿಗುತ್ತದೆಯೇ ಎಂದು ನನ್ನನ್ನು ಕೇಳಿದರು.

ಹೋಳಿ ಹುಣ್ಣಿಮೆಗೆ ಮುಂಚೆ ಮೆಣಸಿನಕಾಯಿ ದಲಾಲರ ಅಂಗಡಿಗೆ ಬೆಂಗಳೂರಿನಿಂದ ಫೋನು ಬಂತು. ಮುಷ್ಕರ ಮುಗಿದಿತ್ತು. ಬರೆಯುವವರು ಕೇಳಿದ್ದರಲ್ಲಿ ಕೆಲವು ಸಿಕ್ಕಿತ್ತು, ಕೆಲವು ಸಿಕ್ಕಿರಲಿಲ್ಲ. ಇವರ ಧಾರಾವಾಹಿ ಮತ್ತೆ ಶುರುವಾಗಲಿಲ್ಲ, ಅದು ನಿಂತೇಹೋಯಿತು. ಆದರೆ ಅದೇ ಮ್ಯಾನೇಜರು ಇನ್ನೊಂದಕ್ಕೆ ಇಬ್ಬರನ್ನೂ ಕರೆದಿದ್ದರು. ಎಲ್ಲರಿಗೂ ಹಾಗಾಗಲಿಲ್ಲ. ಲೈಟಿನ ಗೆಳೆಯನೊಬ್ಬ ಶಾಮಿಯಾನದ ಕೆಲಸದಲ್ಲೇ ಉಳಿದುಕೊಂಡ. ಬಟ್ಟೆ ನೋಡಿಕೊಳ್ಳುತ್ತಿದ್ದ ಹೆಂಗಸು ರವಿಕೆ ಹೊಲಿಯುವ ಅಂಗಡಿ ಹಾಕಿಕೊಂಡು, ಇನ್ನು ಬರುವುದಿಲ್ಲವೆಂದು ಹೇಳಿ ಕಳಿಸಿದ್ದರಂತೆ. ಇಬ್ಬರೂ ಹೊರಟ ದಿನ ಅತ್ತೆ ಕಾಕಾನಿಗೆ ಖಾರದ ಪುಡಿಯ ಪೊಟ್ಟಣ ಕೊಟ್ಟರು. ಕಾಕಾ ಅದನ್ನು ಪೆಟ್ಟಿಗೆಯಲ್ಲಿ ಬಣ್ಣದ ಜೊತೆ ಇಡುವುದೋ ಬೇಡವೋ ಎಂದು ಬಹಳ ಯೋಚಿಸಿ, ಕೊನೆಗೆ ಕೈಯಲ್ಲೇ ಹಿಡಿದುಕೊಂಡು ರೈಲು ಹತ್ತಿದರು.

ಬಲ್ಬು ಸರಿಮಾಡಿಕೊಟ್ಟ ಗಂಡನನ್ನು ಮತ್ತೆ ದಸರೆಗೂ ಯುಗಾದಿಗೂ ಮಾತ್ರ ಕಾಯುವುದು ನನ್ನಿಂದ ಆಗಲಿಲ್ಲ. ಅವರಿಂದಲೂ ಆಗಲಿಲ್ಲ ಎಂದು ಕಾಣುತ್ತದೆ. ಬಾಲವಾಡಿಗೆ ಬೇಸಿಗೆ ರಜೆ ಬಿಟ್ಟಾಗ ಬಂದು ನನ್ನನ್ನೂ ಮಗಳನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದರು. ಒಂದು ಕೋಣೆಯ ಮನೆ. ಅತ್ತೆಯೂ ಬಂದರು, ಸುಗ್ಗಿ ಬಂದಾಗ ಮಾತ್ರ ಬ್ಯಾಡಗಿಗೆ ಹೊರಟುಬಿಡುತ್ತಿದ್ದರು. ಆ ವರ್ಷದಿಂದ ಪ್ರತಿ ಸಂಕ್ರಾಂತಿಗೂ ನಡೆಯತೊಡಗಿದ ಓಣಿಯ ನಾಟಕದಲ್ಲಿ ಅವರ ಪಾತ್ರ ಕಾಯಂ ಆಗಿತ್ತು.

ಒಂದು ಮಧ್ಯಾಹ್ನ ಬುತ್ತಿ ಕೊಡಲು ಸೆಟ್ಟಿಗೆ ಹೋಗಿದ್ದೆ. ನಟರು ಬಣ್ಣ ಹಚ್ಚಿಸಿಕೊಂಡು ಕಾಯುತ್ತಿದ್ದರು. ಮೂಲೆಯಲ್ಲಿ ತೆಳ್ಳಗಿನ ಹುಡುಗನಂಥ ಒಬ್ಬರು ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಗಡಿಬಿಡಿಯಲ್ಲಿ ಬರೆಯುತ್ತಿದ್ದರು. ಮುಂದಿನ ದೃಶ್ಯ ಇನ್ನೂ ಮುಗಿದಿಲ್ಲ, ಬರೆಯುವವರು ಇವರೇ ಎಂದು ಕಾಕಾ ಪಿಸುಗುಟ್ಟಿದರು. ನಮ್ಮನೆಯವರು ಒಂದು ಲೈಟಿನ ಸ್ಟ್ಯಾಂಡನ್ನು ಸದ್ದಿಲ್ಲದೆ ಎಳೆದು ತಂದು, ಬೆಳಕು ಹಾಳೆಯ ಮೇಲೆ ಬೀಳುವಂತೆ ತಿರುಗಿಸಿ ಹೋದರು. ಬರೆಯುತ್ತಿದ್ದವರು ತಲೆ ಎತ್ತಿ ಯಾರು ತಂದರೆಂದೂ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದುರಿಗೆ ನಿಂತಿದ್ದ ನನ್ನನ್ನು ಕಂಡು, ಸೆಟ್ಟಿನ ಕೆಲಸದವಳೆಂದುಕೊಂಡು, ಚಹಾ ಬಂತೇನಮ್ಮ ಎಂದು ಕೇಳಿದರು. ನಾನು ಹೋಗಿ ಒಂದು ಲೋಟ ತಂದುಕೊಟ್ಟೆ.