ಅಂಗಿ ಇತ್ತು, ಪ್ಯಾಂಟ್ ಇರಲಿಲ್ಲ

ಶಾಲೆಯ ಹುಡುಗಿಯರಿಗೆ ಬಂಡೆ ಹತ್ತುವುದನ್ನು ಕಲಿಸಲು ಒಂದು ದಿನದ ಮಟ್ಟಿಗೆ ಬಾದಾಮಿಗೆ ಕರೆದೊಯ್ಯುವುದೆಂದು ತೀರ್ಮಾನವಾದಾಗ, ಜೊತೆಗೆ ಹೋಗುವ ಶಿಕ್ಷಕಿ ನಾನೇ ಆದೆ. ಏನೇನು ತರಬೇಕೆಂದು ಮೊಬೈಲಿಗೆ ಬಂದ ಪಟ್ಟಿಯ ಕೊನೆಗೊಂದು ಸಾಲಿತ್ತು: ಬಯಸಿದರೆ ಶಿಕ್ಷಕಿಯರೂ ಹತ್ತಬಹುದು. ಅದನ್ನು ಎಷ್ಟು ಸಲ ಓದಿದೆನೋ. ನನಗೀಗ ನಲವತ್ತೊಂದು. ಚಿಕ್ಕವಳಿದ್ದಾಗ ಹುಣಸೆ ಮರ ಹತ್ತುವುದರಲ್ಲಿ ಓಣಿಯ ಗಂಡುಹುಡುಗರು ನನ್ನ ಮುಂದೆ ಲೆಕ್ಕಕ್ಕಿರಲಿಲ್ಲ. ಮೈನೆರೆದ ದಿನ ಅದು ನಿಂತಿತು. ಈ ಸಲ ಹತ್ತಲೇಬೇಕು ಎಂದುಕೊಂಡೆ.

ಪಟ್ಟಿ ದೊಡ್ಡದೇನಲ್ಲ. ಮೊಣಕಾಲು ಸಲೀಸಾಗಿ ಮಡಚಲು ಬರುವ ಪ್ಯಾಂಟ್, ತುಂಬುತೋಳಿನ ಹಳೆಯ ಅಂಗಿ, ಎರಡು ಬಾಟಲಿ ನೀರು, ಊಟ. ಉಗುರು ಕತ್ತರಿಸಿರಬೇಕು, ಬಳೆ ಉಂಗುರ ಇರಕೂಡದು. ಹಗ್ಗ, ಹೆಲ್ಮೆಟ್, ಸೊಂಟದ ಬೆಲ್ಟು, ಬೂಟು ಅವರೇ ಕೊಡುತ್ತಾರೆ. ಬಳೆಯ ಮಾತನ್ನು ನಾನು ಮನೆಯಲ್ಲಿ ಎತ್ತಲೇ ಇಲ್ಲ.

ಅಂಗಿಗೆ ತೊಂದರೆಯಿರಲಿಲ್ಲ. ರಜೆಯಲ್ಲಿ ಹತ್ತಿ ಬಿಡಿಸುವಾಗ ಸೀರೆಯ ಮೇಲೆ ತೊಡುವ, ಎಡತೋಳಿಗೆ ತೇಪೆ ಹಚ್ಚಿದ ಗಂಡನ ಹಳೆಯ ಅಂಗಿ ಗೂಟದಲ್ಲಿತ್ತು. ನಮ್ಮ ಹಿರೇಕೆರೂರಿನ ಕಡೆ ಹೊಲಕ್ಕೆ ಹೋಗುವ ಹೆಂಗಸರು ಗಂಡನ ಅಂಗಿ ತೊಟ್ಟೇ ಹೋಗುವುದು, ಯಾರೂ ತಿರುಗಿ ನೋಡುವುದಿಲ್ಲ. ಪ್ಯಾಂಟನ್ನೂ ನನ್ನ ಗಂಡನದೇ ಒಂದು ತೆಗೆದುಕೊಂಡು, ಸೊಂಟಕ್ಕೆ ಲಾಡಿ ಹೊಲಿಯುತ್ತ ಕುಳಿತೆ.

ಅತ್ತೆ ಬಂದು ನಿಂತರು. "ಅದು ಯಾರಿಗೆ?"

"ನನಗರಿ. ಇಲ್ಲಿಂದ ಸೀರಿ ಉಟ್ಕೊಂಡ ಹೋಗ್ತೇನಿ, ಅಲ್ಲಿ ಇದನ್ನ ಹಾಕ್ಕೊಂತೇನಿ."

"ಗಂಡಸಿನ ಪ್ಯಾಂಟ್ ಹಾಕ್ಕೊಂಡು ಸಾಲಿ ಹುಡುಗ್ಯಾರ ಮುಂದ ನಿಂದರ್ತಿ? ಮಂದಿ ಏನಂದಾರು?"

ಗಂಡ ಮೊಬೈಲಿನಿಂದ ತಲೆ ಎತ್ತದೆ, "ಅವ್ವ ಹೇಳೂದು ಕೇಳು," ಎಂದರು.

ಬಂಡೆ ಎಷ್ಟು ಎತ್ತರ, ಹಗ್ಗ ಗಟ್ಟಿಯಿದೆಯೇ, ಜಾರಿದರೆ ಹಿಡಿಯುವವರು ಯಾರು ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಲಾಡಿ ಹೊಲಿದು ಮುಗಿಸಿ, ಪ್ಯಾಂಟನ್ನು ಚೀಲದಲ್ಲಿ ಅಂಗಿಯ ಕೆಳಗೆ ಮಡಚಿಟ್ಟೆ.

ಮರುದಿನ ಬಾದಾಮಿಯ ಬಂಡೆಯ ಬುಡದಲ್ಲಿ ಚೀಲ ಬಿಚ್ಚಿದರೆ ಅಂಗಿ ಇತ್ತು, ಪ್ಯಾಂಟ್ ಇರಲಿಲ್ಲ. ಅದರ ಜಾಗದಲ್ಲಿ ರೊಟ್ಟಿಯ ಗಂಟು, ನೆಂಚಿಕೊಳ್ಳಲು ಶೇಂಗಾ ಹಿಂಡಿ. ಹೊರಡುವಾಗ "ಬುತ್ತಿ ಇಡ್ತೇನಿ ಕೊಡು" ಎಂದು ಅತ್ತೆ ಚೀಲ ಇಸಿದುಕೊಂಡದ್ದು ಆಗ ನೆನಪಾಯಿತು.

ಪ್ಯಾಂಟ್ ತೆಗೆದದ್ದಕ್ಕಿಂತ ಅಂಗಿಯನ್ನು ಬಿಟ್ಟದ್ದು ನನ್ನನ್ನು ಹೆಚ್ಚು ಕೆರಳಿಸಿತು. ಗಂಡನ ಅಂಗಿ ತೊಟ್ಟು ದಿನವಿಡೀ ಬಿಸಿಲಲ್ಲಿ ಹತ್ತಿ ಬಿಡಿಸಿದರೆ ಮನೆಯ ಮರ್ಯಾದೆಗೆ ಏನೂ ಆಗುವುದಿಲ್ಲ. ದುಡಿಯುವುದಕ್ಕಾದರೆ ಗಂಡಸಿನ ಬಟ್ಟೆ ನಡೆಯುತ್ತದೆ, ನನ್ನ ಖುಷಿಗಾದರೆ ನಡೆಯುವುದಿಲ್ಲ. ಇದ್ಯಾವ ಸೀಮೆಯ ನ್ಯಾಯ?

ಹಗ್ಗ ನೋಡಿಕೊಳ್ಳುತ್ತಿದ್ದ, ತರಬೇತಿ ಕೊಡುವ ಹೆಣ್ಣುಮಗಳು ನನ್ನ ಸೀರೆ ನೋಡಿ ತಲೆಯಾಡಿಸಿದಳು. "ಇದರಾಗ ಆಗಂಗಿಲ್ರಿ ಟೀಚರ್, ಕಾಲಿಗೆ ತೊಡಕತೈತಿ. ನೀವು ಕೆಳಗ ಕುಂತು ನೋಡ್ರಿ."

"ಹತ್ತು ನಿಮಿಷ ತಡೀರಿ," ಎಂದೆ.

ದೊಡ್ಡದೊಂದು ಕಲ್ಲಿನ ಮರೆಗೆ ಹೋಗಿ ಲಂಗ ತೆಗೆದಿಟ್ಟೆ. ಅಕ್ಕಿಆಲೂರಿನ ತವರಿನಲ್ಲಿ ನನ್ನವ್ವ ನಾಟಿಗೆ ಇಳಿಯುವಾಗ ಉಡುತ್ತಿದ್ದ ಹಾಗೆ, ಮೊಣಕಾಲಿನ ತನಕ ಎತ್ತಿ ಬಿಗಿಯಾಗಿ ಕಚ್ಚೆ ಹಾಕಿದೆ. ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ಮೇಲೆ ಅಂಗಿ ತೊಟ್ಟು ಗುಂಡಿ ಹಾಕಿದೆ. ಬಳೆ ಕಳಚಿ ರೊಟ್ಟಿಯ ಗಂಟಿನಲ್ಲಿಟ್ಟೆ. ತರಬೇತಿಯವಳು ನನ್ನನ್ನು ಕೂರಿಸಿದಳು, ಏಳಿಸಿದಳು, ಕಾಲು ಎತ್ತಿಸಿದಳು, ಬೆಲ್ಟು ಬಿಗಿದು ಜಗ್ಗಿದಳು. ಒಂದು ತುದಿಯೂ ಸಡಿಲಾಗಲಿಲ್ಲ.

"ಹತ್ತ್ರಿ," ಎಂದಳು.

ನಡುವೆ ಕಾಲು ಜಾರಿ ಹಗ್ಗಕ್ಕೆ ಜೋತುಬಿದ್ದೆ. ಬಲ ಮೊಣಕೈ ತರಚಿ ರಕ್ತ ಬಂತು, ಅಂಗಿಯ ಬಲತೋಳು ಹರಿಯಿತು. "ಬಲಕ್ಕ ಕಾಲಿಡ್ರಿ ಟೀಚರ್," ಎಂದು ಕೆಳಗಿನಿಂದ ಹುಡುಗಿಯರು ನನಗೇ ಪಾಠ ಹೇಳಿದರು. ತುದಿಯ ಕಲ್ಲನ್ನು ಮುಟ್ಟಿದಾಗ ನನಗೆ ಅಳು ಬಂತು, ಅತ್ತುಬಿಟ್ಟೆ.

ಅದೇ ಅಂಗಿಯಲ್ಲಿ ಮನೆಗೆ ಬಂದು, "ತುದಿ ಮುಟ್ಟಿ ಬಂದೇನಿ," ಎಂದೆ. ಅತ್ತೆ ಖಾಲಿ ಬುತ್ತಿ ಬಟ್ಟೆ ತೆಗೆದುಕೊಂಡು ಒಳಗೆ ಹೋದರು. ಗಂಡ ನನ್ನ ಮೊಣಕೈಯ ಕಡೆ ನೋಡಿದರು.

"ನನ್ನ ಅಂಗಿ ಹರಕೊಂಡ ಬಂದಿಯಲ್ಲ," ಎಂದರು.

ಎಡತೋಳು ಹತ್ತಿ ಗಿಡಕ್ಕೆ ಸಿಕ್ಕಿ ಹರಿದು ಎರಡು ವರ್ಷವಾಯಿತು. ತೇಪೆ ಹಚ್ಚಿದವಳು ನಾನೇ. ಅದರ ಬಗ್ಗೆ ಅವರು ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ.